ನಿಮಗಿದು ಗೊತ್ತೆ? ಮರಕ್ಕೂ ಲಾರಿಗೂ ಗಣಿತದ ಲೆಕ್ಕ

ಚಿಲಿ ದೇಶದ ರೇಡಿಯಾಟಾ ಪೈನ್ ನೆಡುತೋಪುಗಳಲ್ಲಿ ಉರುಳಿಸಿದ ಮರದ ಬುಡದ ದಪ್ಪ ಭಾಗ ಸಾಮಿಲ್ಲಿಗೂ ತುದಿಯ ಸಣ್ಣ ಭಾಗ ಕಾಗದದ ತಿರುಳು ತಯಾರಿಸುವ ಕಾರ್ಖಾನೆಗೂ ಹೋಗುವುದರಿಂದ, ಒಂದೇ ಕಾಂಡವನ್ನು ಎಷ್ಟೆಷ್ಟು ಉದ್ದಕ್ಕೆ ತುಂಡರಿಸಬೇಕೆಂಬುದರ ಮೇಲೆ ಲಾಭನಷ್ಟ ನಿಂತಿರುತ್ತದೆ. ಇದನ್ನು ನಿರ್ಧರಿಸಲು ಅಲ್ಲಿನ ಅರಣ್ಯ ಕಂಪನಿಗಳು ಲೀನಿಯರ್ ಪ್ರೋಗ್ರಾಮಿಂಗ್ ಎಂಬ, ಲಭ್ಯವಿರುವ ಮರ ಹಾಗೂ ಗಿರಣಿಗಳ ಬೇಡಿಕೆಯಂತಹ ಮಿತಿಗಳನ್ನು ಸಮೀಕರಣಗಳಾಗಿ ಬರೆದು ಅವುಗಳೊಳಗೆ ಅತ್ಯುತ್ತಮ ಉತ್ತರವನ್ನು ಹುಡುಕುವ ಗಣಿತವಿಧಾನವನ್ನು ಬಳಸಿದವು. ಈ ತುಂಡುಗಳನ್ನು ಸಾಗಿಸುವ ಲಾರಿಗಳ ಲೆಕ್ಕ ಇನ್ನೂ ತೊಡಕಿನದು. ಎಲ್ಲವೂ ಬೆಳಿಗ್ಗೆ ಒಟ್ಟಿಗೇ ಬಂದು ಕ್ರೇನಿನ ಮುಂದೆ ಸಾಲುಗಟ್ಟಿದರೆ ಅರ್ಧ ದಿನ ಕಾಯುವುದರಲ್ಲೇ ಕಳೆಯುತ್ತದೆ. ಸಂಶೋಧಕ ಆಂಡ್ರೆಸ್ ವೈನ್‌ಟ್ರೌಬ್ ಮತ್ತು ಸಂಗಡಿಗರು ರೂಪಿಸಿದ ‘ಅಸಿಕಾಮ್’ ತಂತ್ರಾಂಶವು ಪ್ರತಿ ಲಾರಿಯ ಇಡೀ ದಿನದ ಸುತ್ತುಗಳನ್ನು ಕೆಲವೇ ನಿಮಿಷಗಳಲ್ಲಿ ಗೊತ್ತುಪಡಿಸುತ್ತಿತ್ತು. ಈ ಕೆಲಸಕ್ಕೆ 1998ರಲ್ಲಿ, ಇಂತಹ ಗಣಿತವಿಧಾನಗಳ ಪ್ರಾಯೋಗಿಕ ಬಳಕೆಗೆ ನೀಡುವ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಸಂದಿತು.