ಕೋಟೆಯಿಲ್ಲದ ಊರಿನ ಅಧಿಕಾರ ಕೇಂದ್ರ: ಜಪಾನಿನ ಜಿನ್‌ಯಾ

ಜಪಾನಿನ ಊಳಿಗಮಾನ್ಯ ಯುಗವೆಂದರೆ ಬಿಳಿಗೋಡೆಯ ಎತ್ತರದ ಕೋಟೆಗಳೇ ನೆನಪಿಗೆ ಬರುತ್ತವೆ. ಆದರೆ ತೊಕುಗವಾ ಮನೆತನದ ಸೇನಾಧಿಪತಿಗಳಾದ ಶೋಗುನರು ಆಳಿದ ಎದೊ ಕಾಲದಲ್ಲಿ (1603–1868) ದೇಶದ ಎಷ್ಟೋ ಭಾಗಗಳ ಆಡಳಿತ ನಡೆದದ್ದು ಕೋಟೆಗಳಿಂದಲ್ಲ, ಜಿನ್‌ಯಾ ಎಂಬ ಕಚೇರಿಗಳಿಂದ. ಅಧಿಕಾರಿಯ ವಾಸ, ಕಂದಾಯ ಕಚೇರಿ, ನ್ಯಾಯಸ್ಥಾನ, ಅಕ್ಕಿಯ ಕಣಜ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿರುತ್ತಿದ್ದವು.

1615ರಲ್ಲಿ ಶೋಗುನರ ಸರ್ಕಾರ ಒಬ್ಬ ದೊರೆಗೆ ಒಂದೇ ಕೋಟೆ ಎಂಬ ಕಟ್ಟಳೆ ತಂದಿತು. ಪ್ರಾಂತೀಯ ದೊರೆಗಳಾದ ದೈಮ್ಯೊಗಳು ಮತ್ತೆ ದಂಗೆಯೇಳಬಾರದೆಂಬುದೇ ಅದರ ಉದ್ದೇಶ. ಸಂಸ್ಥಾನಗಳ ಹಿರಿಮೆಯನ್ನು ಆಗ ಅಳೆಯುತ್ತಿದ್ದುದು ಅಕ್ಕಿಯಲ್ಲಿ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು, ಅಂದರೆ ಸುಮಾರು 150 ಕಿಲೋ ಅಕ್ಕಿಗೆ ಒಂದು ಕೊಕು. 10,000 ಕೊಕು ಅಥವಾ ಅದಕ್ಕಿಂತ ಹೆಚ್ಚಿನ ಉತ್ಪತ್ತಿಯ ನೆಲವಿದ್ದವನು ದೈಮ್ಯೊ. ಅವರಲ್ಲಿ ಸಣ್ಣವರಿಗೆ ಕೋಟೆ ಕಟ್ಟುವ ಹಕ್ಕಿರಲಿಲ್ಲ. ಅವರು ಜಿನ್‌ಯಾದಲ್ಲೇ ಇದ್ದು ಆಳಬೇಕಿತ್ತು. ಶೋಗುನರು ನೇರವಾಗಿ ಆಳುತ್ತಿದ್ದ ನೆಲಕ್ಕೂ ಜಿನ್‌ಯಾಗಳೇ ಕೇಂದ್ರ. ಅಲ್ಲಿಗೆ ದೈಕಾನ್ ಎಂಬ ಅಧಿಕಾರಿ ಎದೊ ನಗರದಿಂದ, ಅಂದರೆ ಇಂದಿನ ಟೋಕಿಯೊದಿಂದ, ನೇಮಕವಾಗುತ್ತಿದ್ದ. ಇನ್ನೂ ಮೇಲಿನ ದರ್ಜೆಯವನು ಗುಂದೈ.

ಈ ವ್ಯವಸ್ಥೆಯನ್ನು ಕಣ್ಣಾರೆ ಕಾಣಲು ಇಂದು ಅತ್ಯುತ್ತಮ ಜಾಗ ಗಿಫು ಪ್ರಾಂತದ ತಕಯಾಮ. ಗುಡ್ಡಗಾಡಿನ ಆ ಸೀಮೆಯ ಹಳೆಯ ಹೆಸರು ಹಿದಾ. ಅಲ್ಲಿ ಗದ್ದೆ ಕಡಿಮೆ. ಒಳ್ಳೆಯ ಮರಮುಟ್ಟಿನ ಕಾಡುಗಳೂ ಗಣಿಗಳೂ ಇದ್ದವು. 1692ರಲ್ಲಿ ಶೋಗುನರು ಅಲ್ಲಿನ ಕನಾಮೊರಿ ಮನೆತನವನ್ನು ದೂರದ ದೇವಾ ಸೀಮೆಗೆ ವರ್ಗಾಯಿಸಿ ಹಿದಾವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ತಕಯಾಮದ ಕೋಟೆಯನ್ನು ಕೆಡವಿಸಲಾಯಿತು. ಕನಾಮೊರಿಗಳ ಬಂಗಲೆಯೊಂದು ಜಿನ್‌ಯಾ ಆಯಿತು. 1868ರವರೆಗೆ 25 ಮಂದಿ ದೈಕಾನ್ ಮತ್ತು ಗುಂದೈಗಳು ಅಲ್ಲಿ ಕುಳಿತು ಆಳಿದರು.

ಈಗ ಕಾಣುವ ಮುಖ್ಯ ಕಟ್ಟಡ 1816ರಲ್ಲಿ ಮತ್ತೆ ಕಟ್ಟಿದ್ದು. ಯಾರು ಎಲ್ಲಿಂದ ಒಳಬರಬೇಕು, ಯಾವ ಕೋಣೆಯಲ್ಲಿ ಕೂರಬೇಕು ಎಂಬುದೆಲ್ಲ ಅಂತಸ್ತಿಗೆ ತಕ್ಕಂತೆ ನಿಗದಿಯಾಗಿತ್ತು. ದೊಡ್ಡ ಅಧಿಕಾರಿಯ ಬಾಗಿಲಲ್ಲಿ ಹಳ್ಳಿಯ ಮುಖಂಡ ಕಾಲಿಡುವಂತಿರಲಿಲ್ಲ. ವಿಚಾರಣೆಯ ಅಂಗಳಕ್ಕೆ ಜಲ್ಲಿ ಹರಡಿದ್ದರು. ಆರೋಪಿ ಕೆಳಗೆ, ಅಧಿಕಾರಿ ಮೇಲಿನ ಹಲಗೆಯ ನೆಲದ ಮೇಲೆ. ತಪ್ಪೊಪ್ಪಿಸಲು ತೊಡೆಯ ಮೇಲೆ ಭಾರದ ಕಲ್ಲುಗಳನ್ನು ಹೇರುವ ಕ್ರೂರ ಪದ್ಧತಿಯೂ ಇತ್ತು.

ಎಲ್ಲಕ್ಕಿಂತ ಹಳೆಯದು ಅಕ್ಕಿಯ ಕಣಜ. ಕೋಟೆಯಲ್ಲಿದ್ದ ಅದನ್ನು ಬಿಚ್ಚಿ ತಂದು ಇಲ್ಲಿ ಮರುಜೋಡಿಸಿದರು. ರಾಶಿಯ ಒತ್ತಡ ತಡೆಯಲೆಂದು ಗೋಡೆಗಳನ್ನು ತುಸು ಒಳಕ್ಕೆ ವಾಲಿಸಿದ್ದಾರೆ. ಕಂದಾಯ ಅಕ್ಕಿಯಲ್ಲೇ ಸಲ್ಲುತ್ತಿದ್ದ ಆಡಳಿತದಲ್ಲಿ ಖಜಾನೆಯೆಂದರೆ ಈ ಕಣಜವೇ.

ಆ ಕಣಜ ತುಂಬಿಸುವ ಹಟವೇ ಹಿದಾದ ಅತಿ ದೊಡ್ಡ ಬಂಡಾಯಕ್ಕೂ ಕಾರಣವಾಯಿತು. ದೈಕಾನ್ ಓಹಾರ ಹಿಕೊಶಿರೊ ಹೊಸದಾಗಿ ಭೂಮಾಪನ ಮಾಡಿಸಿ ಕಂದಾಯ ಏರಿಸಲು ಹೊರಟ. ರೈತರು ಎದೊಗೆ ಹೋಗಿ ಮೇಲಧಿಕಾರಿಗಳಿಗೆ ನೇರವಾಗಿ ಮೊರೆಯಿಟ್ಟರು. ಹಾಗೆ ದೂರುವುದೇ ಅಪರಾಧವಾಗಿದ್ದ ಕಾಲ ಅದು. ಮುಂದಾಳುಗಳ ತಲೆ ಹೋಯಿತು. ನೆರೆಯ ಸಂಸ್ಥಾನಗಳ ಸೈನ್ಯ ಬಂದು ಪ್ರತಿಭಟನೆಯನ್ನು ಹತ್ತಿಕ್ಕಿತು. ಹಿಕೊಶಿರೊನಿಗೆ 1777ರಲ್ಲಿ ಗುಂದೈ ಪದವಿ ಸಿಕ್ಕಿತು. ಅನ್ಯಾಯಕ್ಕೆ ಬಡ್ತಿ ಸಿಕ್ಕ ಪ್ರಸಂಗವಿದು. ಆದರೂ ರೈತರು ಸುಮ್ಮನಾಗಲಿಲ್ಲ. ಅವನ ನಂತರ ಅದೇ ಹುದ್ದೆಗೆ ಬಂದ ಮಗನ ಅಕ್ರಮಗಳ ಮೇಲೂ ದೂರು ಸಲ್ಲಿಸಿದರು. ಈ ಸಲ ಹಚಿಜೊ ದ್ವೀಪಕ್ಕೆ ಗಡಿಪಾರಾದವನು ಅಧಿಕಾರಿಯೇ. 1771ರಲ್ಲಿ ಮೊದಲಾದ ಈ ಸಂಘರ್ಷ ಸುಮಾರು 18 ವರ್ಷ ನಡೆಯಿತು.

1868ರಲ್ಲಿ ಶೋಗುನರ ಆಳ್ವಿಕೆ ಕೊನೆಗೊಂಡ ಮೇಲೆ ಹೆಚ್ಚಿನ ಜಿನ್‌ಯಾಗಳು ಅಳಿದವು. ಕುರಾಶಿಕಿ ಊರಿನ ಜಿನ್‌ಯಾ ಇದ್ದ ಜಾಗದಲ್ಲಿ 1889ರಲ್ಲಿ ನೂಲಿನ ಗಿರಣಿ ಎದ್ದಿತು. ತಕಯಾಮದ್ದು ಮಾತ್ರ ಹೊಸ ಸರ್ಕಾರದ ಕಚೇರಿಯಾಗಿ 1969ರವರೆಗೆ ಬಳಕೆಯಲ್ಲಿದ್ದದ್ದರಿಂದ ಉಳಿಯಿತು. ಬಳಿಕ ಅದನ್ನು ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆಯಲಾಗಿದೆ. ಶೋಗುನರ ನೇರ ಆಡಳಿತದ ಜಿನ್‌ಯಾಗಳ ಪೈಕಿ ಮುಖ್ಯ ಕಟ್ಟಡ ಇಂದಿಗೂ ನಿಂತಿರುವುದು ಇದೊಂದರದೇ.