ಹಳೆಯ ಕಾರು, ಹಳೆಯ ಓಲೆ

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ಹೋದವರು ದೇವರ ದರ್ಶನವಾದ ಮೇಲೆ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿ ಬರುವುದುಂಟು. 1968ರಿಂದ ಧರ್ಮಾಧಿಕಾರಿಗಳಾಗಿರುವ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯ ಫಲ ಅದು. ಓಲೆಗರಿ, ವಿಗ್ರಹ, ನಾಣ್ಯಗಳ ನೆರೆಯಲ್ಲಿ ಕಾರಿಗೇನು ಕೆಲಸ ಎಂದು ಕೆಲವರು ಕೇಳಿಯಾರು. ನಮ್ಮ ಸೀಮೆಯ ಮೋಟಾರಿಗೂ ಈಗ ನೂರು ವರ್ಷ ಮೀರಿದ ಚರಿತ್ರೆಯುಂಟು. 1914ರಲ್ಲಿಯೇ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ ಮಂಗಳೂರಿಗೂ ಬಂಟ್ವಾಳಕ್ಕೂ ನಡುವೆ ಬಸ್ಸು ಓಡಿಸಿತು. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಹಳೆಯ ವಾಹನವನ್ನು ಎಷ್ಟರಮಟ್ಟಿಗೆ ದುರಸ್ತಿ ಮಾಡಿದರೆ ಅದು ಅದೇ ವಾಹನವಾಗಿ ಉಳಿಯುತ್ತದೆ?

ಈ ಪ್ರಶ್ನೆ ಅತ್ಯಂತ ತೀವ್ರವಾಗುವುದು ಇಟಲಿಯ ಪಂದ್ಯದ ಕಾರುಗಳ ವಿಷಯದಲ್ಲಿ. 1927ರಿಂದ 1957ರವರೆಗೆ ಅಲ್ಲಿ 'ಮಿಲ್ಲೆ ಮಿಲ್ಯಾ' ಎಂಬ ಸಾವಿರ ಮೈಲಿಯ ಪಂದ್ಯ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುತ್ತಿತ್ತು. ಓಡಿದ ಕಾರು ಜಖಂಗೊಂಡರೆ ಬೇರೆ ಎಂಜಿನು ಕೂಡಿಸುವುದು, ಹೊಸ ಮೈ ಹೊದಿಸುವುದು, ಋತು ಮುಗಿದೊಡನೆ ಮಾರಿಬಿಡುವುದು ಆ ಕಾಲದ ಪದ್ಧತಿ. 1949ರಲ್ಲಿ ಗೆದ್ದ ಫೆರಾರಿ 166ರ ಮೈಯನ್ನು ಮಾಡಿದ್ದು ಮಿಲಾನಿನ ಟೂರಿಂಗ್ ಸಂಸ್ಥೆ. ಸಪೂರವಾದ ಉಕ್ಕಿನ ನಳಿಗೆಗಳ ಹಂದರದ ಮೇಲೆ ಅಲ್ಯೂಮಿನಿಯಮ್ ತಗಡನ್ನು ಹೊದಿಸುವುದು ಅವರ ವಿಧಾನ. ಕಾರು ಹಗುರವಾಯಿತು, ನಿಜ. ಆದರೆ ತೇವ ಸೇರಿದಲ್ಲಿ ಈ ಎರಡು ಲೋಹಗಳು ಒಂದನ್ನೊಂದು ತಾಗಿದರೆ ಅಲ್ಯೂಮಿನಿಯಮ್ ಸವೆಯತೊಡಗುತ್ತದೆ. ದುರಸ್ತಿಗಾರನು ತಗಡನ್ನು ಬದಲಿಸಲೇಬೇಕಾಗುತ್ತದೆ. ಬದಲಿಸುತ್ತ ಹೋದರೆ ಕೊನೆಗೆ ಮೂಲದ್ದೆಂದು ಉಳಿಯುವುದೇನು?

ಮಾರಾಟಗಾರನ ಉತ್ತರ ಒಂದೇ: ಚಾಸಿಯ ಸಂಖ್ಯೆ. ಆ ಸಂಖ್ಯೆಯಿಂದಲೇ ಕಾರಿನ ವಂಶಾವಳಿ ನಿರ್ಧಾರವಾಗುತ್ತದೆ. 1962ರಿಂದ 1964ರವರೆಗೆ ಕೇವಲ 36 ತಯಾರಾದ ಫೆರಾರಿ 250 ಜಿಟಿಒ ಕಾರುಗಳಲ್ಲೊಂದು 2018ರ ಹರಾಜಿನಲ್ಲಿ 4.8 ಕೋಟಿ ಡಾಲರಿಗೂ ಮಿಕ್ಕಿ ಬೆಲೆ ತಂದಿತು. ಬೆಲೆ ಇಷ್ಟೇರಿದಲ್ಲಿ ಪ್ರಲೋಭನೆಯೂ ಏರುತ್ತದೆ. ಹಳೆಯ ಸಂಖ್ಯೆಯ ಫಲಕಕ್ಕೆ ಹೊಸ ಕಾರನ್ನೇ ಕಟ್ಟುವವರಿದ್ದಾರೆ. ಒಂದೇ ಸಂಖ್ಯೆಗೆ ಎರಡು ಕಾರುಗಳು ಹಕ್ಕು ಸಾಧಿಸಿದ್ದೂ ಉಂಟು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ ಗ್ರಂಥದ ತಾಳೆಯೋಲೆಗಳನ್ನು ನೆನೆಯೋಣ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಇಂಥ ಓಲೆ ಮುರಿದು ಅಕ್ಷರ ಲುಪ್ತವಾದಲ್ಲಿ ಸಂಪಾದಕನು ಏನು ಮಾಡಬೇಕು? ಊಹೆಯಿಂದ ತುಂಬಬಹುದು, ಆದರೆ ತುಂಬಿದ್ದನ್ನು ಕಂಸದಲ್ಲಿಟ್ಟು ತೋರಿಸಬೇಕು. ಕಂಸವಿಲ್ಲದೆ ಸೇರಿಸಿದ ಅಕ್ಷರ ಎಷ್ಟೇ ಸುಂದರವಾಗಿದ್ದರೂ ಪ್ರಕ್ಷೇಪವೇ ಸರಿ.

ಕಾರುಗಳಿಗೂ ಈಗ ಇಂಥದೊಂದು ಸಂಪಾದನಾಶಾಸ್ತ್ರ ಬಂದಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದು ಅದಕ್ಕೆ ಮಾದರಿ. ಇದ್ದುದನ್ನು ಇದ್ದಂತೆ ಕಾಯುವುದು ಮೊದಲ ಧರ್ಮ, ಅನಿವಾರ್ಯವಾದಲ್ಲಿ ಮಾತ್ರ ಜೀರ್ಣೋದ್ಧಾರ, ಮಾಡಿದ್ದಕ್ಕೆಲ್ಲ ದಾಖಲೆ, ಹೊಸ ಭಾಗಕ್ಕೆ ಗುರುತು. ಇದು ಅದರ ಸಾರ.

ನಮಗೆ ಇದರಿಂದೇನು? ಮಿಲ್ಲೆ ಮಿಲ್ಯಾದಲ್ಲಿ ಓಡಿದ ಫಿಯೆಟ್ 1100ರ ವಂಶದ ಕುಡಿಯೇ ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪದ್ಮಿನಿ. ನಮ್ಮ ಮನೆಯಂಗಳಗಳಿಗೆ ಬಂದ ಇಟಲಿ ಅದೇ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲರೂಪದಲ್ಲೇ ಇರುವ ವಾಹನಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಕರಾವಳಿಯ ಮಳೆಯೂ ಉಪ್ಪುಗಾಳಿಯೂ ಇಂಥ ಕಾರನ್ನು ತಿನ್ನುತ್ತಲೇ ಇರುತ್ತವೆ. ಕೊಟ್ಟಿಗೆಯಲ್ಲಿ ಅಂಥದೊಂದು ಉಳಿದಿದ್ದರೆ, ಥಳಥಳಿಸುವ ಹೊಸ ಬಣ್ಣಕ್ಕೆ ಅವಸರಪಡುವ ಮೊದಲು ಅದರ ಕಾಗದಪತ್ರಗಳನ್ನು ಜೋಪಾನವಾಗಿಡಿ. ಮಾಸಿದ ಮೂಲ ಬಣ್ಣವನ್ನು ಉಳಿಯಲು ಬಿಡಿ. ಆ ಬಣ್ಣವೂ ಒಂದು ಪಾಠವೇ. ಒಮ್ಮೆ ಕೆರೆದು ತೆಗೆದರೆ ಅದನ್ನು ಮತ್ತೆ ಓದಲು ಬೇರೆ ಪ್ರತಿಯಿಲ್ಲ.