ದಪ್ಪ ಬಟ್ಟೆಯೂ ಹೊಲಿಗೆಯ ಯಂತ್ರವೂ

ರವಕೆಯನ್ನೂ ಲಂಗವನ್ನೂ ಸುಸೂತ್ರವಾಗಿ ಹೊಲಿಯುತ್ತಿದ್ದ ಮನೆಯ ಯಂತ್ರವು ಕ್ಯಾನ್ವಾಸಿನ ಚೀಲವನ್ನೋ ಜೀನ್ಸ್ ಷರಾಯಿಯ ಅಂಚನ್ನೋ ಇಟ್ಟೊಡನೆ ಮೊಂಡು ಹಿಡಿಯುವುದುಂಟು. ಹೊಲಿಗೆ ತಪ್ಪುತ್ತದೆ, ನೂಲು ಹರಿಯುತ್ತದೆ, ಸೂಜಿ ಮುರಿಯುತ್ತದೆ. ಯಂತ್ರವೇ ಕೆಟ್ಟಿತೆಂದು ಬಗೆದು ನಾವು ರಿಪೇರಿಗೆ ಹಣ ತೆರುತ್ತೇವೆ. ಅನೇಕ ವೇಳೆ ಅದು ವ್ಯರ್ಥವ್ಯಯವೇ ಸರಿ. ಏಕೆಂದರೆ ದೋಷವಿರುವುದು ಯಂತ್ರದಲ್ಲಲ್ಲ, ಬಾಗುವ ಸೂಜಿಯಲ್ಲಿ.

ಹೊಲಿಗೆ ಬೀಳುವ ಕ್ರಮವನ್ನು ನೋಡೋಣ. ಬಟ್ಟೆಯೊಳಕ್ಕೆ ಇಳಿದ ಸೂಜಿಯು ಮೇಲೇಳತೊಡಗಿದಾಗ ಅದರ ಹಿಂದೆ ನೂಲಿನದೊಂದು ಸಣ್ಣ ಕುಣಿಕೆಯೇಳುತ್ತದೆ. ಕೆಳಗಿನ ಕೊಕ್ಕೆಯು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಸೂಜಿಗೂ ಕೊಕ್ಕೆಗೂ ನಡುವಣ ಎಡೆ ಕೂದಲೆಳೆಯಷ್ಟು. ಸಣ್ಣ ಸೂಜಿಯು ದಪ್ಪ ಬಟ್ಟೆಯಲ್ಲಿ ತುಸು ಬಾಗಿದರೂ ಕೊಕ್ಕೆಗೆ ಕುಣಿಕೆ ಸಿಕ್ಕದು, ಹೊಲಿಗೆ ತಪ್ಪುವುದು. ಇನ್ನಷ್ಟು ಬಾಗಿದರೆ ಕೆಳಗಿನ ಲೋಹದ ತಗಡಿಗೆ ತಗುಲಿ ಮುರಿಯುವುದು.

ಆದುದರಿಂದ ಮೊದಲು ಸೂಜಿಯನ್ನು ಬದಲಾಯಿಸಬೇಕು. ಸೂಜಿಯ ಪೊಟ್ಟಣದ ಮೇಲೆ 90/14 ಎಂಬಂತೆ ಎರಡು ಅಂಕಗಳಿರುತ್ತವೆ. 90 ಎಂದರೆ 0.9 ಮಿಲಿಮೀಟರು ದಪ್ಪ. ಜೀನ್ಸಿಗೆ 100/16, ದಪ್ಪ ಕ್ಯಾನ್ವಾಸಿಗೆ 110/18 ತಕ್ಕದ್ದು. ದಪ್ಪ ಸೂಜಿಗೆ ಕಣ್ಣೂ ದೊಡ್ಡದಾದ್ದರಿಂದ ಗಟ್ಟಿ ನೂಲು ಸವೆಯದೆ ಹಾಯುತ್ತದೆ. ಹೊಲಿಗೆಯ ಉದ್ದವನ್ನು 3ರಿಂದ 4 ಮಿಲಿಮೀಟರಿಗೆ ಹೆಚ್ಚಿಸುವುದು ಒಳ್ಳೆಯದು.

ಎರಡನೆಯ ತೊಡಕು ಮಡಿಕೆಗಳು ಕೂಡುವ ಉಬ್ಬಿನದು. ಅಲ್ಲಿ ಬಟ್ಟೆಯನ್ನೊತ್ತುವ ಪಾದವು ಮೂತಿಯನ್ನು ಮೇಲಕ್ಕೆತ್ತಿ ಓರೆಯಾಗುವುದರಿಂದ ಬಟ್ಟೆ ಮುಂದೆ ಸರಿಯದು. ಆಗ ಹಿಂದಿನಿಂದ ಬಟ್ಟೆಯನ್ನೆಳೆಯುವ ಚಾಳಿ ಹಲವರಿಗುಂಟು. ಸೂಜಿಯನ್ನು ಬಾಗಿಸುವುದು ಅದೇ. ಬದಲಿಗೆ ಅಷ್ಟೇ ದಪ್ಪನೆಯ ಬಟ್ಟೆಯ ಚೂರೊಂದನ್ನು ಮಡಿಸಿ ಪಾದದ ಹಿಂಭಾಗದ ಕೆಳಗಿಟ್ಟರೆ ಪಾದವು ಸಮನಾಗುತ್ತದೆ. ಉಬ್ಬು ದಾಟುವವರೆಗೆ ಚಕ್ರವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಬೇಕು.

ಬಟ್ಟೆಯ ಅಡಿಯಲ್ಲಿ ನೂಲು ಗೋಜಲಾದರೆ ಬಾಬಿನ್ನನ್ನು ದೂರುವುದು ವಾಡಿಕೆ. ಸಾಮಾನ್ಯವಾಗಿ ತಪ್ಪಿರುವುದು ಮೇಲಿನ ನೂಲಿನದು. ಪಾದವನ್ನಿಳಿಸಿ ನೂಲೇರಿಸಿದರೆ ಅದು ಬಿಗಿಬಿಲ್ಲೆಗಳ ನಡುವೆ ಕೂರುವುದಿಲ್ಲ. ಪಾದವನ್ನೆತ್ತಿ ಮತ್ತೆ ನೂಲೇರಿಸಿದರೆ ಗೋಜಲು ಬಹುಮಟ್ಟಿಗೆ ನಿಲ್ಲುತ್ತದೆ.

ಇಷ್ಟಾದರೂ ಕೈಚಕ್ರದಿಂದ ಸೂಜಿಯು ಬಟ್ಟೆಯೊಳಕ್ಕೆ ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಬಲವಂತ ಮಾಡಿದಲ್ಲಿ ಮುರಿದ ಸೂಜಿಯ ಚೂರು ಕಣ್ಣಿಗೆ ಸಿಡಿದೀತು. ಅಂಥ ಕೆಲಸವನ್ನು ಭಾರಿ ಯಂತ್ರವುಳ್ಳವರಿಗೆ ಒಪ್ಪಿಸುವುದು, ಇಲ್ಲವೆ ದಬ್ಬಳದಿಂದ ಕೈಯಲ್ಲೇ ಹೊಲಿಯುವುದು ಲೇಸು.